ಶನಿಮಹಾತ್ಮನ ಸ್ಲೈಡು

ಬಿಂದುಮಾಧವ ಮೇಷ್ಟ್ರಿಗೆ ಮಕ್ಕಳ ಮುಂದೆ ನಾಲಗೆ ಇತ್ತು, ದೊಡ್ಡವರ ಮುಂದೆ ಇರಲಿಲ್ಲ. ತೊಂದರೆ ಹುಟ್ಟಿದ್ದು ಇಷ್ಟರಿಂದಲೇ. ನಾಗಪುರದ ಹತ್ತಿರದ ಖಾಪರಖೇಡಾದ ಹೈಸ್ಕೂಲಿನಲ್ಲಿ ವಿದ್ಯುತ್ ಸ್ಥಾವರದ ಕೆಲಸಗಾರರ ಮಕ್ಕಳಿಗೆ ವಿಜ್ಞಾನ ಹೇಳಲು ನಿಂತರೆ, ಆಟದ ಗಂಟೆ ಹೊಡೆದರೂ ಮಕ್ಕಳು ಏಳುತ್ತಿರಲಿಲ್ಲ. ಆದರೆ ನಾಲ್ಕು ಜನ ಹಿರಿಯರು ಕುರ್ಚಿ ಎಳೆದುಕೊಂಡು ಎದುರಿಗೆ ಕೂತರೆಂದರೆ, ಅವರ ಗಂಟಲು ಮೇ ತಿಂಗಳ ನಾಗಪುರದ ನಲ್ಲಿಯ ಹಾಗೆ ಬರೀ ಗಾಳಿ ಬಿಡುತ್ತಿತ್ತು.

ಅಂಥವರಿಗೆ ಈಗ ಶೈಕ್ಷಣಿಕ ತಂತ್ರಜ್ಞಾನದ ಸಮ್ಮೇಳನದಲ್ಲಿ ಪ್ರಬಂಧ ಮಂಡಿಸುವ ಯೋಗ ಬಂದಿತ್ತು. ಶಿಕ್ಷಕರ ಟ್ರೇನಿಂಗ್ ಕಾಲೇಜಿನವರು ಕೆಲವು ಶಾಲೆಗಳಿಗೆ ಒಂದೊಂದು ಸ್ಲೈಡ್ ಪ್ರೊಜೆಕ್ಟರನ್ನು ತಿಂಗಳ ಮಟ್ಟಿಗೆ ಎರವಲು ಕೊಟ್ಟಿದ್ದರು. ಯಾರ ಮಂಡನೆ ಎಲ್ಲಕ್ಕಿಂತ ಚೆನ್ನಾಗಿರುತ್ತದೋ ಆ ಶಾಲೆಗೆ ಅದು ಕಾಯಂ, ಉಳಿದವರು ವಾಪಸು ಕೊಡಬೇಕು.

ಮೇಷ್ಟ್ರಿಗೆ ಆ ಯಂತ್ರದ ಮೇಲೆ ಜೀವ. ಮೊದಲ ದಿನ ತರಗತಿಯ ಕಿಟಕಿಗೆ ಕಂಬಳಿ ಕಟ್ಟಿ ದೀಪ ಹಾಕಿದಾಗ, ಬೆಳಕಿನ ಕೋಲಿನಲ್ಲಿ ಬಳಪದ ಧೂಳು ನಕ್ಷತ್ರದಂತೆ ತೇಲಿತ್ತು. ಚಿತ್ರ ಬೀಳುವ ಮೊದಲೇ ಮಕ್ಕಳೆಲ್ಲ ಉಸಿರು ಹಿಡಿದಿದ್ದರು. ಮೇಷ್ಟ್ರೂ ಹಿಡಿದಿದ್ದರು. ಅದನ್ನು ತಿರುಗಿ ಕೊಡುವುದೆಂದರೆ ಸಾಕಿದ ಕರುವನ್ನು ಸಂತೆಗೆ ಹೊಡೆದಂತೆ ಅನ್ನಿಸುತ್ತಿತ್ತು.

ಸ್ಲೈಡುಗಳನ್ನು ಅವರೇ ಮಾಡಿದ್ದರು. ಮಹಡಿಯ ಮೇಲಿನ ಮನೆಯ ಉತ್ತಪ್ಪ, ವಾಯುಸೇನೆಯವರು, ತಮ್ಮ ಕ್ಯಾಮೆರಾ ಕೊಟ್ಟು ತಾವೇ ಫೋಟೋ ಹಿಡಿದಿದ್ದರು. ಕಪ್ಪು ಕಂಬಳಿಯೇ ಆಕಾಶ. ಟೊಮೇಟೊ ಮಂಗಳನಾಯಿತು, ಚಕ್ಕೋತ ಗುರುವಾಯಿತು, ನೆಲ್ಲಿಕಾಯಿ ಬುಧನಾಯಿತು. ಒಂದು ದುಂಡನೆಯ ಕಿತ್ತಳೆಗೆ ಬೆಳ್ಳಿ ಕಾಗದದ ಬಳೆ ತೊಡಿಸಿ, ಪಕ್ಕದಿಂದ ಟಾರ್ಚ್ ಬಿಟ್ಟು ತೆಗೆದ ಶನಿಯಂತೂ, ಫಿಲಂ ಮುಂಬಯಿಯಲ್ಲಿ ತೊಳೆಸಿಕೊಂಡು ಬಂದಾಗ, ಹಣ್ಣೆಂದು ಹೇಳಿದರೂ ಯಾರೂ ನಂಬುವಂತಿರಲಿಲ್ಲ.

ಉಳಿದದ್ದು ಮಾತು. ಹೆಂಡತಿ ವತ್ಸಲಾಳನ್ನೂ ಉತ್ತಪ್ಪನವರನ್ನೂ ಕೂರಿಸಿಕೊಂಡು ಅಭ್ಯಾಸಕ್ಕೆ ನಿಂತರೆ, ಅವರಿಬ್ಬರ ಮುಂದೆಯೇ ಮಂಗಳನಿಂದಾಚೆ ಹೋಗಲಾಗಲಿಲ್ಲ. ಕೊನೆಗೆ ಉತ್ತಪ್ಪನವರೇ ದಾರಿ ತೋರಿಸಿದರು. ಮಾತನ್ನೆಲ್ಲ ಮನೆಯಲ್ಲೇ ಟೇಪಿಗೆ ತುಂಬಿಸಿಕೊಂಡು ಹೋಗುವುದು. ಚಿತ್ರ ಬದಲಾಗಬೇಕಾದ ಕಡೆ ಲೋಟಕ್ಕೆ ಚಮಚದಿಂದ ಒಂದು ಏಟು. ಟಣ್ ಅಂದಾಗ ಅಲ್ಲಿ ಯಾರಾದರೂ ಗುಂಡಿ ಒತ್ತಿದರಾಯಿತು. ಮೇಷ್ಟ್ರಿಗೆ ಹೋದ ಪ್ರಾಣ ಬಂದಂತಾಯಿತು. ಪ್ರಬಂಧದ ಕೊನೆಗೆ, ಶಿಕ್ಷಕನು ಇಲ್ಲದಿದ್ದರೂ ಯಂತ್ರವು ಪಾಠವನ್ನು ನಡೆಸಬಲ್ಲದು ಎಂಬ ಗಂಭೀರ ವಾಕ್ಯವೊಂದನ್ನೂ ಸೇರಿಸಿದರು.

ಸಮ್ಮೇಳನದ ದಿನ ಬೆಳಿಗ್ಗೆ ಕೋಣೆ ಕತ್ತಲು ಮಾಡಿ, ಬೆಡ್‌ಶೀಟಿನ ಮೇಲೆ ಚಿತ್ರ ಬಿಟ್ಟುಕೊಂಡು ಓದಿ ತುಂಬಿಸತೊಡಗಿದರು. ಉತ್ತಪ್ಪನವರ ಟೇಪ್ ರೆಕಾರ್ಡರಿನಲ್ಲಿ ಒಂದೇ ಊನ. ನಡುವೆ ನಿಲ್ಲಿಸುವ ಗುಂಡಿಯನ್ನು ಬೆರಳಿನಿಂದ ಒತ್ತಿಯೇ ಹಿಡಿದಿರಬೇಕು, ಬಿಟ್ಟರೆ ಮೇಲೆದ್ದು ಟೇಪು ಮತ್ತೆ ಓಡುತ್ತಿತ್ತು. ಬುಧ, ಶುಕ್ರ, ಮಂಗಳ, ಗುರು ಸುಸೂತ್ರವಾಗಿ ಮುಗಿದರು. ಶನಿ ಪರದೆಗೆ ಬರುವುದಕ್ಕೂ ಪಕ್ಕದ ಮನೆಯ ರಾಜಮ್ಮ ಬಾಗಿಲು ತಳ್ಳಿಕೊಂಡು ಬರುವುದಕ್ಕೂ ಸರಿಹೋಯಿತು.

ರಾಜಮ್ಮ ಗದಗಿನ ಕಡೆಯವರು. ರೈಲ್ವೆಯಲ್ಲಿದ್ದ ಗಂಡ ತೀರಿಕೊಂಡ ಮೇಲೂ ಈ ವಠಾರ ಬಿಟ್ಟಿರಲಿಲ್ಲ. ಯಾರ ಮನೆಗೂ ಬಾಗಿಲು ಬಡಿದು ಹೋದವರಲ್ಲ, ಬರಿಗೈಯಲ್ಲಿ ಹೋದವರೂ ಅಲ್ಲ. ಅಂದು ಮೇಷ್ಟ್ರ ಗಂಟಲಿಗೆಂದು ಶುಂಠಿ ಕಷಾಯ ತಂದಿದ್ದರು. ಮೇಷ್ಟ್ರು ಗುಂಡಿಯನ್ನು ಅದುಮಿ ಹಿಡಿದುಕೊಂಡರು. ಹೊರಗೆ ಹೋಗಿ ಎನ್ನುವುದು ಅವರಿಂದಾಗದ ಮಾತು.

ರಾಜಮ್ಮ ಪರದೆ ನೋಡಿ ನಿಂತುಬಿಟ್ಟರು. ಅದು ಯಾರೆಂದು ಕೇಳಿದರು. ಶನಿ ಎಂದರು ಮೇಷ್ಟ್ರು. ಕಷಾಯದ ಲೋಟ ಅಲ್ಲೇ ಇಟ್ಟು ಹೋದ ರಾಜಮ್ಮ, ಕರ್ಪೂರದ ತಟ್ಟೆ, ಪೂಜೆಯ ಗಂಟೆ ಹಿಡಿದುಕೊಂಡು ಬಂದರು. ವತ್ಸಲಾ ಸೆರಗು ಹೊದ್ದು ಕೈ ಮುಗಿದಳು. ಬೆಡ್‌ಶೀಟಿಗೆ ಆರತಿಯಾಗುತ್ತಿರುವಾಗ ತಾವೊಬ್ಬರೇ ಗುಂಡಿ ಹಿಡಿದು ಕೂರುವುದು ಹೇಗೆ? ಮೇಷ್ಟ್ರೂ ಎದ್ದು ಎರಡೂ ಕೈ ಮುಗಿದರು.

ಮುಂದಿನದನ್ನು ಅವಸರದಲ್ಲಿ ತುಂಬಿಸಿ ಮುಗಿಸಿದರು, ಮರಳಿ ಕೇಳಿ ನೋಡಲು ಸಮಯವಿರಲಿಲ್ಲ. ಉತ್ತಪ್ಪ ಸ್ಕೂಟರ್ ಚಾಲೂ ಮಾಡಿ ಕೂಗುತ್ತಿದ್ದರು.

ಸಭಾಂಗಣ ತುಂಬಿತ್ತು. ಅಧ್ಯಕ್ಷರು ವರ್ಹಾಡಪಾಂಡೆ ಬಾಯಿ, ಟ್ರೇನಿಂಗ್ ಕಾಲೇಜಿನ ಪ್ರಾಂಶುಪಾಲರು. ನೋಡಿದರೆ ಹೋಮ್‌ವರ್ಕ್ ಮರೆತದ್ದು ನೆನಪಾಗುವಂಥ ಮುಖ. ಗುಂಡಿ ಒತ್ತಲು ಕಾಲೇಜಿನ ಶಾಮರಾಯರು ಒಪ್ಪಿದರು. ಕೇಳದೆಯೇ ಮೇಷ್ಟ್ರ ಮುಂದೆ ಒಂದು ಲೋಟ ನೀರು ತಂದಿಟ್ಟರು. ಗಂಟೆಯ ಸದ್ದಾದರೆ ಒತ್ತುವುದು ತಾನೇ, ಚಿಂತೆ ಬಿಡಿ ಎಂದು ಹಿಂದಿಯಲ್ಲಿ ಧೈರ್ಯ ಹೇಳಿದರು.

ಟೇಪು ಹೊರಟಿತು. ಗುರುವಿನವರೆಗೆ ಮರಾಠಿಯ ಪಾಠ ನೀಟಾಗಿ ನಡೆಯಿತು. ಟಣ್ ಎಂದಿತು, ಶನಿ ಮೂಡಿದ. ಹಿಂದಿನ ಸಾಲಿನವರೂ ಕತ್ತೆತ್ತಿದರು.

ಆಮೇಲೆ ಗಣಗಣಗಣ ಎಂದು ಗಂಟೆ ಶುರುವಾಯಿತು.

ಶಾಮರಾಯರು ಕೊಟ್ಟ ಮಾತಿಗೆ ತಪ್ಪುವವರಲ್ಲ. ಒಂದೊಂದು ನಾದಕ್ಕೂ ಒಂದೊಂದು ಚಿತ್ರ ತಳ್ಳಿದರು. ಗ್ರಹಣ ಬಂತು, ಧೂಮಕೇತು ಬಂತು, ಚಂದ್ರನ ಕಲೆಗಳೆಲ್ಲ ಒಂದರ ಹಿಂದೊಂದು ಅರಳಿ ಮುದುಡಿದವು. ಸ್ಲೈಡು ಜೋಡಿಸಿದ ಚಕ್ರದಂಥ ತಟ್ಟೆ ಪೂರ್ತಿ ತಿರುಗಿ ಬುಧನಿಂದ ಮತ್ತೆ ಹೊರಟಿತು. ಕತ್ತಲಲ್ಲಿ ಇಡೀ ಸೌರಮಂಡಲ ಗಿರಗಿರನೆ ಸುತ್ತಿತು. ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಯಂತ್ರ ಹೋಯಿತು, ಮಾನವೂ ಅದರ ಜೊತೆಗೆ ಹೊರಟಿತು ಅಂದುಕೊಂಡರು. ಗಂಟೆ ನಿಂತಾಗ ತಟ್ಟೆಯೂ ನಿಂತಿತು. ಪರದೆಯ ಮೇಲೆ, ಯಾರ ಪುಣ್ಯವೋ, ಶನಿಯೇ ಇದ್ದ.

ಟೇಪಿನಿಂದ ರಾಜಮ್ಮನ ದನಿ ಬಂತು, ಮೆಲ್ಲಗೆ.

"ಮಾಸ್ತರ, ಇವ ಇಷ್ಟ್ ಛಂದ ಅದಾನ? ಅಂಜಿಕೋತ ಎಣ್ಣಿ ಹಾಕೇನ್ರಿ ಇಷ್ಟ್ ವರ್ಷ. ಯಾರೂ ಹೇಳಲಿಲ್ಲ ನೋಡ್ರಿ."

ಮೇಷ್ಟ್ರು ಟೇಪು ನಿಲ್ಲಿಸಲು ಧಾವಿಸಿದರು. ವರ್ಹಾಡಪಾಂಡೆ ಬಾಯಿ ಕೈ ಅಡ್ಡ ಹಿಡಿದರು. ಅವರ ತವರು ಬೆಳಗಾವಿ ಎಂಬುದು ಆ ಸಭೆಗೆ ತಿಳಿದದ್ದು ಅಂದೇ. ಮೈಕು ಹತ್ತಿರ ಎಳೆದುಕೊಂಡು, ರಾಜಮ್ಮ ಹೇಳಿದ್ದನ್ನು ಮರಾಠಿಯಲ್ಲಿ ಸಭೆಗೆ ಹೇಳಿದರು. ಯಾರೂ ನಗಲಿಲ್ಲ.

ಈಗ ಬಂದದ್ದು ಮೇಷ್ಟ್ರದೇ ದನಿ. ಆದರೆ ಓದುವ ದನಿಯಲ್ಲ, ತರಗತಿಯ ದನಿ.

"ಅವನು ಯಾರನ್ನೂ ಕಾಡೋಕೆ ಹೊರಟವನಲ್ಲ, ರಾಜಮ್ಮನವರೇ. ತನ್ನ ಪಾಡಿಗೆ ತಾನು ಸೂರ್ಯನ್ನ ಸುತ್ತುತ್ತಾನೆ. ಒಂದು ಸುತ್ತಿಗೆ ಹತ್ತಿರ ಹತ್ತಿರ ಮೂವತ್ತು ವರ್ಷ. ನೀವು ಮದುವೆಯಾಗಿ ಈ ಊರಿಗೆ ಬಂದಾಗ ಆಕಾಶದಲ್ಲಿ ಎಲ್ಲಿದ್ದನೋ, ಈಗ ಅಲ್ಲಿಗೇ ತಿರುಗಿ ಬರ್ತಾ ಇದಾನೆ."

ಬಾಯಿ ಇದನ್ನೂ ಮರಾಠಿಯಲ್ಲಿ ಹೇಳುವಷ್ಟರಲ್ಲಿ ಮತ್ತೆ ರಾಜಮ್ಮನ ದನಿ ಬಂತು.

"ಅಂದ್ರ, ನಾ ಇಲ್ಲಿ ಮಾಡಿದ ಸಂಸಾರೆಲ್ಲಾ ಅವನ ಲೆಕ್ಕಕ್ಕ ಒಂದ ಪ್ರದಕ್ಷಿಣಿ?"

ಬಾಯಿ ಅದನ್ನು ಮರಾಠಿಗೆ ತಿರುಗಿಸುವಾಗ ಕನ್ನಡಕ ತೆಗೆದು ಒರೆಸಿಕೊಂಡರು. ಸಭೆಯಲ್ಲಿ ತಲೆ ನರೆತ ಶಿಕ್ಷಕರೆಲ್ಲ ಪರದೆ ನೋಡುತ್ತ ತಮ್ಮ ತಮ್ಮ ಪ್ರದಕ್ಷಿಣೆಯನ್ನು ಎಣಿಸಿಕೊಳ್ಳುತ್ತಿದ್ದಂತಿತ್ತು. ಕಿತ್ತಳೆ ಹಣ್ಣು ಬೆಳ್ಳಿ ಬಳೆ ತೊಟ್ಟು ಕತ್ತಲಲ್ಲಿ ಹೊಳೆಯುತ್ತಲೇ ಇತ್ತು. ಕೊನೆಗೆ ನಿಯಮ ನೆನಪಾಗಿ ಬಾಯಿ ಸಮಯ ಮುಗಿದ ಗಂಟೆ ಬಾರಿಸಿದರು. ಶಾಮರಾಯರು ಅದಕ್ಕೂ ಒಂದು ಚಿತ್ರ ಮುಂದೆ ತಳ್ಳಿ, ಆಮೇಲೆ ಟೇಪು ನಿಲ್ಲಿಸಿದರು.

ಸಂಜೆ ಫಲಿತಾಂಶ ಹೇಳಿದರು. ಪ್ರೊಜೆಕ್ಟರು ಖಾಪರಖೇಡಾದ ಶಾಲೆಗೇ. ಮೇಷ್ಟ್ರು ಖುಷಿಯಿಂದ ಉತ್ತಪ್ಪನವರ ಮೊಣಕೈ ಹಿಡಿದುಕೊಂಡರು. ಸೋಮವಾರ ಮಕ್ಕಳಿಗೆ ಹೇಗೆ ಹೇಳಬೇಕೆಂದು ಮನಸ್ಸು ಆಗಲೇ ಕಿಟಕಿಗೆ ಕಂಬಳಿ ಕಟ್ಟುತ್ತಿತ್ತು.

ಬಾಯಿಯ ಮಾತು ಇನ್ನೂ ಮುಗಿದಿರಲಿಲ್ಲ. ಹಿರಿಯರೊಂದಿಗೆ ಇಷ್ಟು ಸರಾಗವಾಗಿ ಮಾತಾಡಬಲ್ಲ ಶಿಕ್ಷಕರನ್ನು ತಾವು ಕಂಡಿಲ್ಲ, ಇಂಥವರು ಒಂದೇ ಶಾಲೆಯಲ್ಲಿ ಇರಬಾರದು ಎಂದರು. ಸೋಮವಾರದಿಂದ ಬಿಂದುಮಾಧವರು ಟ್ರೇನಿಂಗ್ ಕಾಲೇಜಿಗೆ ಬಂದು ಜಿಲ್ಲೆಯ ಶಿಕ್ಷಕರಿಗೆ ದಿನಾ ಉಪನ್ಯಾಸ ಕೊಡಬೇಕು. ಉಮರೇಡ್, ಸಾವನೇರ್ ಎಲ್ಲ ಕಡೆಯಿಂದಲೂ ಜನ ಬರುತ್ತಾರೆ. ಅವರ ಹೆಡ್‌ಮಾಸ್ತರರು ಒಪ್ಪಿದ್ದಾರೆ. ಅವರ ತರಗತಿಯ ಬಗ್ಗೆಯೂ ಚಿಂತೆ ಬೇಡ. ಯಂತ್ರ, ಸ್ಲೈಡು, ಟೇಪು ಮೂರೂ ಆ ಶಾಲೆಯಲ್ಲೇ ಇರುತ್ತವೆ. ಶಿಕ್ಷಕನಿಲ್ಲದಿದ್ದರೂ ಪಾಠ ನಡೆಯುತ್ತದೆಂದು ಅವರೇ ಪ್ರಬಂಧದಲ್ಲಿ ಬರೆದಿದ್ದಾರಲ್ಲ.

ಎರಡು ಮಾತಾಡಿ ಎಂದು ಮೇಷ್ಟ್ರನ್ನು ವೇದಿಕೆಗೆ ಕರೆದರು.

ಎರಡು ಮಾತೂ ಬೇಕಿರಲಿಲ್ಲ. ಬೇಡ ಎನ್ನಲು ಮರಾಠಿಯ 'ನಕೋ' ಎಂದು ಒಂದೇ ಒಂದು ಮಾತು ಹೇಳಿದ್ದರೆ ಸಾಕಿತ್ತು. ನನಗೆ ನನ್ನ ಮಕ್ಕಳೇ ಇರಲಿ ಎಂಬ ಅರ್ಥ ಅದರಲ್ಲೇ ಬಂದುಬಿಡುತ್ತಿತ್ತು. ಮೇಷ್ಟ್ರು ಮೈಕಿನ ಮುಂದೆ ನಿಂತು ಬಾಯಿ ತೆರೆದರು. ಸಾಲು ಸಾಲು ದೊಡ್ಡವರು ನೋಡುತ್ತಿದ್ದರು. ನಲ್ಲಿಯಲ್ಲಿ ಗಾಳಿ ಮಾತ್ರ ಬಂತು.

ಪಕ್ಕದಲ್ಲಿದ್ದ ಶಾಮರಾಯರಿಗೆ ಅವರ ಕಷ್ಟ ನೋಡಲಾಗಲಿಲ್ಲ. ಪಾಪ, ಇವರ ಮಾತೆಲ್ಲ ಇದರಲ್ಲಿದೆಯಲ್ಲ ಎಂದು ಟೇಪನ್ನು, ನಿಂತಲ್ಲಿಂದಲೇ, ಮತ್ತೆ ಹಚ್ಚಿದರು.

"ಹಂಗಾರ ಮಾಸ್ತರ," ಎಂದಿತು ರಾಜಮ್ಮನ ದನಿ, "ನಮ್ಮ ಭಜನಿ ಮಂಡಳದ ಹೆಣ್ಮಕ್ಕಳಿಗೂ ಇದನ್ನ ಹೇಳ್ತೀರೇನ್ರಿ? ಭಾಳ ಮಂದಿ ಅದಾರ ಮತ್ತ."

"ಅದಕ್ಕೇನಂತೆ," ಎಂದಿತು ಮೇಷ್ಟ್ರ ದನಿ, ಸ್ಪಷ್ಟವಾಗಿ, ಸಂತೋಷವಾಗಿ. "ಎಷ್ಟು ಜನ ಬೇಕಾದ್ರೂ ಬರಲಿ, ದಿನಾ ಬೇಕಾದ್ರೂ ಹೇಳ್ತೀನಿ."

ವರ್ಹಾಡಪಾಂಡೆ ಬಾಯಿ ಕೊನೆಯ ಮಾತನ್ನಷ್ಟೇ ಮರಾಠಿಯಲ್ಲಿ ಸಭೆಗೆ ತಿಳಿಸಿದರು. ಸಭೆ ಎದ್ದು ನಿಂತು ಚಪ್ಪಾಳೆ ತಟ್ಟಿತು. ಬಿಂದುಮಾಧವ ಮೇಷ್ಟ್ರು ತೆರೆದ ಬಾಯಿ ಮುಚ್ಚಿ, ಬೇರೇನೂ ತೋಚದೆ, ಎರಡೂ ಕೈ ಮುಗಿದರು.