ಬ್ಲೂಬೆರಿಗೆ ಬಿದ್ದ ಕಣ್ಣು

ಬ್ಲೂಬೆರಿ ಗಿಡದ ಎಲೆ ಹಳದಿಯಾದ ದಿನವೇ ಈಶ್ವರಯ್ಯ ಮೇಷ್ಟ್ರಿಗೆ ಅನುಮಾನ ಹುಟ್ಟಿತು. ಅನುಮಾನ ಪಡಲು ಒಬ್ಬರು ಬೇಕಲ್ಲ. ಪಕ್ಕದ ಮನೆಯ ತಾರಸಿಯಲ್ಲಿ ಸುಬ್ಬಮ್ಮ ಎಲೆ ಅಡಿಕೆ ಅಗಿಯುತ್ತ ನಿಂತಿದ್ದರು.

ಹೊಳೆನರಸೀಪುರದ ಪ್ರಥಮ ಬ್ಲೂಬೆರಿ ಕೃಷಿಕರೆಂಬ ಬಿರುದನ್ನು ಮೇಷ್ಟ್ರು ತಮಗೆ ತಾವೇ ದಯಪಾಲಿಸಿಕೊಂಡಿದ್ದರು. ತೋಟವೆಂದರೆ ತಾರಸಿಯ ಮೇಲಿನ ಎರಡು ಕುಂಡ. ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿ ನಿವೃತ್ತರಾದವರು. ಈ ಗಿಡಕ್ಕೆ ಹುಳಿ ಮಣ್ಣೇ ಆಗಬೇಕು, ಸುಣ್ಣ ಸೋಕಿದರೆ ಎಲೆಗೆ ರೋಗ ಎಂದು ಬೀದಿಗೆಲ್ಲ ಪಾಠ ಮಾಡಿ, ತಾರಸಿ ಬಾಗಿಲಿಗೆ 'ಸುಣ್ಣ ಮುಟ್ಟಿದವರಿಗೆ ಪ್ರವೇಶವಿಲ್ಲ' ಎಂಬ ಬೋರ್ಡು ತೂಗುಹಾಕಿದ್ದರು.

ಹೂ ಬಿಟ್ಟಾಗಿನಿಂದ ಮಂಗಳವಾರ, ಶುಕ್ರವಾರ ಅರಿಸಿನದ ಕೆಂಪು ಓಕುಳಿ ನೀರಿನಿಂದ ಗಿಡಕ್ಕೆ ದೃಷ್ಟಿಯನ್ನೂ ತೆಗೆಯುತ್ತಿದ್ದರು. (ವಿಜ್ಞಾನ ಶಾಲೆಯದು, ದೃಷ್ಟಿ ಮನೆಯದು, ಅವೆರಡೂ ಎಂದೂ ಜಗಳವಾಡಿರಲಿಲ್ಲ.) ಎಲೆ ಹಳದಿಯಾದ ಮೇಲೆ ದಿನಾ ತೆಗೆದರು. ಎಲೆಯ ನರ ಮಾತ್ರ ಹಸಿರಾಗಿ ಉಳಿದು, ಅಂಚು ಸುಟ್ಟು, ಕಾಯಿ ಉದುರತೊಡಗಿತು.

ಮರ್ಯಾದೆಯ ಪ್ರಶ್ನೆ ಬೇರೆ. "ನಮ್ ಕಡೆ ಅದೆಲ್ ಬುಡ್ತದೆ ಬೀಗ್ರೇ" ಎಂದು ಚನ್ನರಾಯಪಟ್ಟಣದ ಬೀಗರು ನಂಜಪ್ಪ ನಕ್ಕಿದ್ದರು. ಭಾನುವಾರ ಬನ್ನಿ, ಗಿಡದಿಂದಲೇ ಕಿತ್ತು ಕೊಡುತ್ತೇನೆ ಎಂದು ಮೇಷ್ಟ್ರು ಮಾತು ಕೊಟ್ಟಾಗಿತ್ತು.

"ಬೆರಳಿನ ಸುಣ್ಣಾನ ಆಯಮ್ಮ ನಮ್ ಕುಂಡಕ್ಕೇ ಕೊಡವ್ತಾಳೆ ಕಣೆ" ಎಂದರು ಮೇಷ್ಟ್ರು, ಸುಬ್ಬಮ್ಮನ ತಾರಸಿಯತ್ತ ಕೈ ತೋರಿಸಿ.

"ಅಲ್ಲಿಂದ ಇಲ್ಗಂಟ ಆರಿ ಬರಾಕೆ ಅದೇನು ಕವಣೆ ಕಲ್ಲಾ?" ಎಂದರು ಹೆಂಡತಿ ಲಕ್ಷ್ಮಿದೇವಮ್ಮ. "ಮೊನ್ನೆ ಕೆಂಪಗದಾ ಅಂತ ನನ್ ನಾಲ್ಗೇನೂ ಚಾಚ್ಸಿ ನೋಡುದ್ರಿ."

ಭಾನುವಾರ ಬೆಳಿಗ್ಗೆ ಮೇಷ್ಟ್ರು ಹಳೆಯ ಪೆಟ್ಟಿಗೆಯಿಂದ ಲಿಟ್ಮಸ್ ಕಾಗದ ತೆಗೆದು ಕುಂಡದ ಒದ್ದೆ ಮಣ್ಣಿಗೆ ಒತ್ತಿದರು. ಕೆಂಪು ಕಾಗದ ನೀಲಿಯಾಯಿತು. ಸುಣ್ಣವೇ. ಸಾಕ್ಷ್ಯಸಮೇತ ಸುಬ್ಬಮ್ಮನನ್ನು ಹಜಾರಕ್ಕೆ ಕರೆಸಲಾಯಿತು.

"ಬಾಯಿ ಬೇಯ್ತದೆ ಅಂತ ನಾನ್ ಸುಣ್ಣ ಬುಟ್ಟು ವರ್ಸಾಯ್ತು ಮೇಷ್ಟ್ರೇ. ಬರೀ ಎಲೆ, ಅಡಿಕೆ. ನೋಡ್ಕಳಿ" ಎಂದು ಸುಬ್ಬಮ್ಮ ನಾಲಗೆ ಚಾಚಿದರು. ಸುಣ್ಣ ಸೇರಿದಾಗ ಬರುವ ಕೆಂಪಿನ ಸುಳಿವೂ ಇರಲಿಲ್ಲ.

ಲಕ್ಷ್ಮಿದೇವಮ್ಮ ಗಂಡನ ಕಡೆ ತಿರುಗಿದರು. "ಅಲ್ರೀ, ದೃಷ್ಟಿ ತೆಗುದ್ ನೀರ್ನ ಬೀದೀಲಿ ತಾನೆ ಚೆಲ್ತಿದ್ದುದ್ದು?"

"ಬೀದೀಲಿ ಚೆಲ್ಲಿ ನಾಲ್ಕು ಜನ ನಗಾಕಾ? ಯಾರೂ ತುಳೀದ ಜಾಗ ಅಂತ ಗಿಡದ ಬುಡಕ್ಕೇ ಉಯ್ತಿದ್ದೆ."

"ಅರಿಸಿನದ ನೀರು ಕೆಂಪಾಗೋದು ಯಾತ್ರಿಂದ ಅಂದ್ಕಂಡ್ರಿ?"

ಮೇಷ್ಟ್ರು ಲಿಟ್ಮಸ್ ಕಾಗದವನ್ನು ಜೇಬಿಗೆ ಸೇರಿಸಿದರು. ಅರಿಸಿನಕ್ಕೆ ಸುಣ್ಣ ಬೆರೆಸಿ, ಬಣ್ಣ ತಿರುಗುವುದನ್ನು ಮಕ್ಕಳಿಗೆ ವರ್ಷ ವರ್ಷವೂ ಮಾಡಿ ತೋರಿಸಿದ್ದ ಪ್ರಯೋಗ ಅದು.

ಅಷ್ಟರಲ್ಲಿ ಬಾಗಿಲಲ್ಲಿ ನಂಜಪ್ಪ. "ಎಲ್ ಬೀಗ್ರೇ, ಅಣ್ಣು?"

"ಬನ್ನಿ ಸಾ, ನಾನ್ ತೋರುಸ್ತೀನಿ" ಎಂದು ಸುಬ್ಬಮ್ಮ ಮುಂದಾಗಿ ಮೆಟ್ಟಿಲು ಹತ್ತಿದರು. ಹಿಂದೆ ನಂಜಪ್ಪ, ಅವರ ಹಿಂದೆ ಲಕ್ಷ್ಮಿದೇವಮ್ಮ. ವಿವರಣೆಯೊಂದನ್ನು ಮನಸ್ಸಿನಲ್ಲೇ ಹೊಸೆಯುತ್ತ ಮೇಷ್ಟ್ರೂ ಹತ್ತಿದರು.

ತಾರಸಿ ಬಾಗಿಲಲ್ಲಿ ಹೆಂಡತಿ ನಿಂತು, ಬೋರ್ಡನ್ನು ಬೆರಳಿಂದ ತಟ್ಟಿದರು.

"ನೀವೆಲ್ಲಿಗ್ರೀ? ಓದಿ."