ಹಾಲಿಲ್ಲದ ಬ್ರೆಡ್ ಸಾಸು ಮತ್ತು ನನಗೆ ಬಾರದ ಜ್ವರ

ಕೆಲವರಿಗೆ ಸಕ್ಕರೆ ಕಾಯಿಲೆ, ಕೆಲವರಿಗೆ ಬಿ.ಪಿ. ನನಗಿರುವುದು ‘ನಮ್ಮನೇಲೂ ಮಾಡ್ತಾರೆ’ ಎನ್ನುವ ಕಾಯಿಲೆ. ಎದುರಿಗಿದ್ದವರು ಯಾವ ಪದಾರ್ಥದ ಹೆಸರೆತ್ತಿದರೂ ಸರಿ, ಅದು ಸಿಹಿಯೋ ಖಾರವೋ ಎಂದು ವಿಚಾರಿಸುವ ಮೊದಲೇ ಈ ಮಾತು ನನ್ನ ಬಾಯಿಂದ ಹೊರಟುಬಿಡುತ್ತದೆ. ಒಮ್ಮೆ ಮದುವೆಯ ಊಟದಲ್ಲಿ ಪಕ್ಕದ ಎಲೆಯ ಹಿರಿಯರು ಏನನ್ನೋ ವರ್ಣಿಸುತ್ತಿದ್ದರು. ಅರ್ಧದಲ್ಲೇ ಬಾಯಿ ಹಾಕಿ “ನಮ್ಮನೇಲೂ ಮಾಡ್ತಾರೆ, ಏಲಕ್ಕಿ ಸ್ವಲ್ಪ ಜಾಸ್ತಿ ಹಾಕ್ತಾರೆ” ಎಂದೆ. ಅವರು ಹೇಳುತ್ತಿದ್ದದ್ದು ಮಂಡಿನೋವಿಗೆ ಹಚ್ಚುವ ಲೇಪದ ವಿಷಯ ಎಂದು ಪಾಯಸ ಬರುವ ಹೊತ್ತಿಗೆ ಗೊತ್ತಾಯಿತು. ಅಷ್ಟಾದರೂ ನನಗೆ ಬುದ್ಧಿ ಬಂದಿರಲಿಲ್ಲ. ಒಂದಿಷ್ಟಾದರೂ ಬುದ್ಧಿ ಬಂದದ್ದು ಬ್ರೆಡ್ ಸಾಸಿನಿಂದ.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ದಾಬಸ್‌ಪೇಟೆಯ ಒಂದು ಕಾರ್ಖಾನೆಯಲ್ಲಿ ನಾನು ಸ್ಟೋರ್ಸ್ ಗುಮಾಸ್ತನಾಗಿದ್ದೆ. ಹೊಸ ಯಂತ್ರ ಕೂರಿಸಲು ಇಂಗ್ಲೆಂಡಿನಿಂದ ಹ್ಯಾರಿ ಎಂಬ ಎಂಜಿನಿಯರು ಬಂದಿದ್ದ. ಆರಡಿ ಆಳು, ಆದರೆ ಕ್ಯಾಂಟೀನಿನಲ್ಲಿ ಅವನು ಮುಟ್ಟುತ್ತಿದ್ದದ್ದು ಬಾಳೆಹಣ್ಣು ಮತ್ತು ಕಡಲೆಕಾಯಿ ಮಾತ್ರ. ಮಾಂಸ, ಮೊಟ್ಟೆಗಳಷ್ಟೇ ಅಲ್ಲ, ಹಾಲು, ಮೊಸರು, ತುಪ್ಪ, ಕಡೆಗೆ ಜೇನುತುಪ್ಪವನ್ನೂ ತಿನ್ನದ ಪಂಗಡಕ್ಕೆ ಸೇರಿದವನು. ಇಂಥವರನ್ನು ‘ವೀಗನ್’ ಎನ್ನುತ್ತಾರೆ ಎಂದು ಮ್ಯಾನೇಜರು ಕ್ಯಾಂಟೀನಿನ ಅಡುಗೆಯವನಿಗೆ ವಿವರಿಸಿದರು. ಅವನು ಎಲ್ಲವನ್ನೂ ಕೇಳಿಸಿಕೊಂಡು, “ಮತ್ತೆ ಬದುಕಿರೋದ್ಯಾತಕ್ಕೆ ಸಾರ್?” ಎಂದ.

ಡಿಸೆಂಬರಿನ ಒಂದು ಮಧ್ಯಾಹ್ನ ಊಟದ ಹೊತ್ತಿನಲ್ಲಿ ಹ್ಯಾರಿ ತನ್ನೂರಿನ ಕ್ರಿಸ್‌ಮಸ್ ಹಬ್ಬದ ಮಾತೆತ್ತಿದ. ಆ ದಿನ ಅವನ ಅಜ್ಜಿ ಬ್ರೆಡ್ ಸಾಸು ಮಾಡುತ್ತಿದ್ದಳಂತೆ. ಈರುಳ್ಳಿಗೆ ಲವಂಗ ಚುಚ್ಚಿ, ಮೆಣಸಿನ ಕಾಳಿನ ಜೊತೆ ಹಾಲಿನಲ್ಲಿ ಕಾಯಿಸಿ, ಈರುಳ್ಳಿ ತೆಗೆದು, ಬ್ರೆಡ್ಡಿನ ಪುಡಿ ಹಾಕಿ, ಬೆಣ್ಣೆ ಬೆರೆಸಿ ಗೊಟಾಯಿಸುವುದು. ಹಾಲು ಬಿಟ್ಟ ಮೇಲೆ ಆರು ವರ್ಷದಿಂದ ಅವನು ಅದನ್ನು ತಿಂದಿರಲಿಲ್ಲ. ಈಗ ಅಜ್ಜಿಯೂ ಇಲ್ಲ. ಇಷ್ಟು ಹೇಳಿ ಅವನು ಬಾಳೆಹಣ್ಣಿನ ಸಿಪ್ಪೆಯನ್ನು ನೋಡುತ್ತಾ ಕುಳಿತ. ಮೇಜಿನ ಸುತ್ತ ಎಲ್ಲರೂ ಸುಮ್ಮನಾದರು. ನಾನೊಬ್ಬ ಬಿಟ್ಟು.

“ನಮ್ಮನೇಲೂ ಮಾಡ್ತಾರೆ ಸಾರ್,” ಎಂದೆ. ಅಲ್ಲಿಗೇ ನಿಲ್ಲಿಸಿದ್ದರೆ ಬಚಾವಾಗುತ್ತಿದ್ದೆನೇನೋ. “ಹಾಲಿಲ್ದೇನೇ ಮಾಡ್ತಾರೆ.”

ಮ್ಯಾನೇಜರು ಅದನ್ನು ಇಂಗ್ಲಿಷಿನಲ್ಲಿ ಹೇಳಿದ್ದೇ ತಡ, ಹ್ಯಾರಿ ಎದ್ದು ಬಂದು ನನ್ನ ಎರಡೂ ಕೈ ಹಿಡಿದುಕೊಂಡ. ಅವನು ನಕ್ಕಿದ್ದರೆ ತಮಾಷೆಗೆ ಹೇಳಿದೆ ಎಂದು ತೇಲಿಸಿಬಿಡಬಹುದಿತ್ತು. ಆದರೆ ಅವನ ಕಣ್ಣು ಒದ್ದೆಯಾಗಿತ್ತು. ಅದನ್ನು ಕಂಡ ಮೇಲೆ ಸುಳ್ಳನ್ನು ಹಿಂದಕ್ಕೆ ತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ. ಕನ್ನಡಕದ ಮೇಲಿಂದ ನನ್ನನ್ನು ನೋಡುತ್ತಿದ್ದ ಮ್ಯಾನೇಜರು, “ಹೌದೇನ್ರೀ? ಹಾಗಾದ್ರೆ ಭಾನುವಾರ ಇವರನ್ನ ನಾನೇ ಕರ್ಕೊಂಡು ಬರ್ತೀನಿ” ಎಂದರು.

ನೆಲಮಂಗಲದಾಚೆಯ ಮಧುರೆ ಪಕ್ಕದ ನಮ್ಮ ಹಳ್ಳಿಯ ಮನೆಯಲ್ಲಿ ಆಗ ಇದ್ದದ್ದು ನಾನು, ನನ್ನ ಹೆಂಡತಿ ಸರೋಜ, ನನ್ನ ಅವ್ವ, ಮತ್ತು ಎರಡು ಹಸು. ಸರೋಜ ನನ್ನ ಕಥೆಯನ್ನು ಪೂರ್ತಿ ಕೇಳಿ, “ಮಾತು ಕೊಟ್ಟಿರೋ ಬಾಯಿ ನಿಮ್ದು. ಸೌಟು ಹಿಡಿಯೋ ಕೈಯೂ ನಿಮ್ದೇ ಆಗ್ಲಿ. ಅನ್ನ ಸಾರು ನಾನು ನೋಡ್ಕೋತೀನಿ” ಎಂದಳು. ಅವ್ವನಿಗೆ ಬಂದದ್ದು ಬೇರೆಯೇ ಸಂಕಟ.

“ಮನೆಗ್ ಬಂದೋರಿಗೆ ಒಂದ್ ಲೋಟ ಹಾಲು ಕೊಡ್ದೆ ಕಳಿಸ್ಲಾ? ನಮ್ ಹಸ ಏನ್ ತೆಪ್ಪು ಮಾಡೈತೆ?” ಎಂದು ಕಣ್ಣಿಗೆ ಸೆರಗು ಹಚ್ಚಿದಳು. ನಾನು ಆ ಕಡೆ ತಿರುಗಿದರೆ ಅವ್ವ ಪಾತ್ರೆಗೆ ಅರ್ಧ ಸೇರು ಹಾಲು ಸುರಿಯುವುದು ಖಂಡಿತ ಎಂದು ನನಗೆ ಗೊತ್ತಿತ್ತು. ಸರೋಜಳೇ ಉಪಾಯ ಮಾಡಿದಳು.

“ಅತ್ತೆ, ಅವ್ರು ಹಾಲು ಮುಟ್ಟಲ್ಲ ಅಂತ ಹರಕೆ ಹೊತ್ತವ್ರಂತೆ.”

“ಅಂಗಂತ ಮೊದ್ಲೇ ಹೇಳ್ಬಾರ್ದಾ?” ಅವ್ವನ ಮುಖ ಗಂಭೀರವಾಯಿತು. ಅಂದಿನಿಂದ ಅವ್ವನಷ್ಟು ಕಟ್ಟುನಿಟ್ಟಿನ ವೀಗನ್ ಇಡೀ ತಾಲ್ಲೂಕಿನಲ್ಲಿ ಇರಲಿಲ್ಲ. ಪಾತ್ರೆಗಳಿಗೆಲ್ಲ ಹುಣಿಸೆಹಣ್ಣು ಹಚ್ಚಿ ತಿಕ್ಕಿದಳು. ಹಾಲು ಕರೆದ ಕೈ ಎಂದು ಸರೋಜಳಿಂದ ಎರಡೆರಡು ಸಲ ಕೈ ತೊಳೆಸಿದಳು.

ಶನಿವಾರ ಸಂಜೆ ನೆಲಮಂಗಲದಲ್ಲಿ ಬಸ್ಸು ಬದಲಾಯಿಸುವಾಗ ಬೇಕರಿಗೆ ಹೋದೆ. “ಬ್ರೆಡ್ಡಿಗೆ ಹಾಲು ಹಾಕ್ತೀರಾ?” ಎಂದು ಕೇಳಿದೆ. “ನೀರಿಗೇ ಟ್ಯಾಂಕರ್ ಕಾಯ್ತಾ ಇದೀವಿ, ಹಾಲೆಲ್ಲಿಂದ ತರಾಣ ಗುರು?” ಎಂದ ಬೇಕರಿಯವನು. ಸಮಾಧಾನವಾಗಿ ಎರಡು ದೊಡ್ಡ ಬ್ರೆಡ್ಡು ಕೊಂಡು ಬಸ್ಸು ಹತ್ತಿದೆ. ನಾನು ಮರೆತಿದ್ದದ್ದು ಒಂದೇ ವಿಷಯ. ನಮ್ಮ ಕಡೆ ಆಗ ಬ್ರೆಡ್ಡು ತಿಂಡಿಯಲ್ಲ, ಔಷಧಿ. ಜ್ವರ ಬಂದರೆ, ಇಲ್ಲವೇ ಆಸ್ಪತ್ರೆಗೆ ಸೇರಿದರೆ ಮಾತ್ರ ಮನುಷ್ಯನಿಗೂ ಬ್ರೆಡ್ಡಿಗೂ ಭೇಟಿ. ಕಂಡಕ್ಟರು ನನ್ನ ತೊಡೆಯ ಮೇಲಿನ ಪೊಟ್ಟಣ ನೋಡಿ ದನಿ ತಗ್ಗಿಸಿದ. “ಯಾರಿಗೆ ಸಾರ್ ಹುಷಾರಿಲ್ಲ?”

“ಯಾರಿಗೂ ಇಲ್ಲಪ್ಪ. ನಂಗೇ ಬೇಕಿತ್ತು, ತಗೊಂಡು ಹೋಗ್ತಿದೀನಿ.”

“ಅಯ್ಯೋ, ನಿಮಗೇನಾ!” ಎಂದು ಅವನು ಮೂರು ಜನ ಕೂರುವ ಸೀಟಿನಲ್ಲಿ ಉಳಿದಿಬ್ಬರನ್ನು ಎಬ್ಬಿಸಿ ನನಗೆ ಒರಗಿಕೊಳ್ಳಲು ಜಾಗ ಮಾಡಿಸಿದ.

ಭಾನುವಾರ ಬೆಳಿಗ್ಗೆ ಒಲೆ ಮುಂದೆ ಕೂತೆ. ಈರುಳ್ಳಿಗೆ ಲವಂಗ ಚುಚ್ಚುವ ಭಾಗ ಚೆನ್ನಾಗಿಯೇ ನಡೆಯಿತು. ಹಾಲಿನ ಬದಲು ತೆಂಗಿನಕಾಯಿ ಹಾಲು ಹಿಂಡಿ, ಬೇಗ ಆಗಲಿ ಎಂದು ಸೌದೆ ತುರುಕಿ ಕೊತಕೊತ ಕುದಿಸಿದೆ. ಅದು ಒಡೆದು, ನೀರು ಬೇರೆ ಎಣ್ಣೆ ಬೇರೆ ಆಯಿತು. ಬ್ರೆಡ್ಡು ಹಾಕಿದರೆ ಕೂಡಿಕೊಂಡೀತು ಎಂಬ ಆಸೆಯಿಂದ ಒಂದು ಬ್ರೆಡ್ಡು ಪುಡಿ ಮಾಡಿ ಹಾಕಿದೆ. ಸಾಲದು ಅನ್ನಿಸಿ ಇನ್ನೊಂದನ್ನೂ ಹಾಕಿದೆ. ಸಾಸು ಗಟ್ಟಿಯಾಗಿ ಸೌಟನ್ನು ಹಿಡಿದುಕೊಂಡಿತು. ಎತ್ತಿದರೆ ಸೌಟಿನ ಜೊತೆ ಪಾತ್ರೆಯೂ ಮೇಲೆ ಬಂತು. ಇಣುಕಿ ನೋಡಿದ ಸರೋಜ, “ಪೋಸ್ಟರ್ ಅಂಟಿಸೋಕೆ ಚೆನ್ನಾಗೈತೆ” ಎಂದಳು.

ಮನೆಯಲ್ಲಿ ಒಂದು ಚೂರು ಬ್ರೆಡ್ಡಿಲ್ಲ. ನೆಲಮಂಗಲಕ್ಕೆ ಹೋಗಿ ಬರಲು ಹೊತ್ತಿಲ್ಲ. ಹ್ಯಾರಿಯ ಒದ್ದೆ ಕಣ್ಣು ನೆನಪಾಗಿ ನನಗೆ ನಿಜವಾಗಿಯೂ ಅಳು ಬಂತು. ಒಲೆಯ ಹೊಗೆಯೂ ಸೇರಿ ಕಣ್ಣು ಕೆಂಡದಂತಾಗಿತ್ತು. ಆಗ ಬಾಗಿಲಲ್ಲಿ ಎದುರು ಮನೆಯ ಮುನಿಯಪ್ಪ ಮಾವ ಕಾಣಿಸಿಕೊಂಡರು. ಕೈಯಲ್ಲಿ ಒಂದು ಬ್ರೆಡ್ಡು, ನಾಲ್ಕು ಮೂಸಂಬಿ.

“ಏನಪ್ಪಾ, ಹಿಂಗಾಗೋಗ್ಬಿಟ್ಟಿದೀಯಾ! ಕಂಡಕ್ಟ್ರು ಹೇಳ್ದ. ಊರೋರಿಗೆಲ್ಲಾ ಬೆಳಗಿನ್ ಬಸ್ಸಲ್ಲಿ ನೆಲಮಂಗಲದ್ ಬ್ರೆಡ್ಡೂ ಅವ್ನೇ ತಂದ್ಕೊಟ್ಟ. ಎಷ್ಟ್ ದಿನದಿಂದ ಜ್ವರ?”

“ನಂಗೇನೂ ಆಗಿಲ್ಲ ಮಾವ.”

“ಕಾಯ್ಲೆ ಜೋರಾಗಿರೋರು ಅಂಗೇ ಅನ್ನೋದು,” ಎಂದು ನನ್ನ ನಾಡಿ ಹಿಡಿದು ಕೂತರು. ಒಲೆ ಮುಂದೆ ಕೂತಿದ್ದ ನನ್ನ ಮೈ ಸಹಜವಾಗಿಯೇ ಕಾದಿತ್ತು. ಅವರ ಹಿಂದೆಯೇ ಊರಿನ ಅರ್ಧ ಬಂತು. ಬಂದವರೆಲ್ಲರ ಕೈಯಲ್ಲೂ ಬ್ರೆಡ್ಡು. ಹನ್ನೊಂದು ಗಂಟೆಯ ಹೊತ್ತಿಗೆ ನಮ್ಮನೆಯಲ್ಲಿ ಒಂಬತ್ತು ಬ್ರೆಡ್ಡುಗಳಿದ್ದವು. ನಾನು ಆಕ್ಷೇಪಿಸುವುದನ್ನು ನಿಲ್ಲಿಸಿದೆ. ಒಂದೆರಡು ಸಲ ಕೆಮ್ಮಿದೆ ಎಂದೂ ಒಪ್ಪಿಕೊಳ್ಳಬೇಕು.

ಅಷ್ಟರಲ್ಲಿ ಒಲೆಯ ಹತ್ತಿರ ಬಂದ ಅವ್ವ ಪಾತ್ರೆಯೊಳಗೆ ಬಗ್ಗಿ ನೋಡಿದಳು. “ಲೋ, ನೀನ್ ಮೂರು ದಿನದಿಂದ ಒದ್ದಾಡ್ತಿರೋದು ಇದಕ್ಕಾ? ಇದು ಬ್ರೆಡ್ ಗಂಜಿ ಕಣೋ! ನಿಂಗೆ ಜ್ವರ ಬಂದಾಗೆಲ್ಲಾ ಹಾಲಲ್ಲಿ ನೆನಸಿ ಮೆಣಸು ಹಾಕಿ ಕೊಡ್ತಿರ್ಲಿಲ್ವಾ?”

ಎಂದರೆ, ನಮ್ಮನೇಲೂ ಮಾಡುತ್ತಿದ್ದರು. ಹಾಲಿನ ವಿಷಯವೊಂದು ಬಿಟ್ಟರೆ, ಜೀವಮಾನದಲ್ಲಿ ಮೊದಲ ಸಲ ನನ್ನ ಮಾತು ನಿಜವಾಗಿತ್ತು, ಅದು ನನಗೇ ಗೊತ್ತಿರಲಿಲ್ಲ.

ಅವ್ವ ನನ್ನನ್ನು ಒಲೆ ಮುಂದಿನಿಂದ ಎಬ್ಬಿಸಿದಳು. ಹ್ಯಾರಿಗೆಂದು ರಾತ್ರಿಯೇ ನೆನೆಸಿಟ್ಟಿದ್ದ ಕಡಲೆಕಾಯಿ ಬೀಜವನ್ನು ಒರಳಿನಲ್ಲಿ ರುಬ್ಬಿ, ಬಟ್ಟೆಯಲ್ಲಿ ಹಿಂಡಿ ಬೆಳ್ಳಗೆ ಹಾಲು ತೆಗೆದಳು. ಉರಿ ಸಣ್ಣಗೆ ಮಾಡಿ, ಲವಂಗದ ಈರುಳ್ಳಿಯನ್ನು ಅದರಲ್ಲೇ ಕಾಯಿಸಿ, ಹಸಿ ವಾಸನೆ ಹೋದ ಮೇಲೆ ಬ್ರೆಡ್ಡಿನ ಪುಡಿ ಉದುರಿಸಿ, ಬೆಣ್ಣೆಯ ಬದಲು ಎರಡು ಚಮಚ ಕಡಲೆಕಾಯಿ ಎಣ್ಣೆ ಬಿಟ್ಟಳು. ಕಾಲು ಗಂಟೆಯ ಕೆಲಸ.

ಜೀಪು ಬಂದು ನಿಂತಾಗ ಜಗಲಿಯ ತುಂಬ ಜನ ಮುಖ ಇಳಿಸಿಕೊಂಡು ಕೂತಿದ್ದರು. ಮ್ಯಾನೇಜರು ಗಾಬರಿಯಿಂದ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡರು. ಅದನ್ನು ನೋಡಿ ಹ್ಯಾರಿಯೂ ತಲೆ ತಗ್ಗಿಸಿದ. ನಾನು ಒಳಗಿನಿಂದ ನಗುತ್ತಾ ಬಂದದ್ದು ಆ ಸನ್ನಿವೇಶಕ್ಕೆ ಯಾವ ರೀತಿಯಲ್ಲೂ ಹೊಂದಲಿಲ್ಲ.

ಸರೋಜ ಮುದ್ದೆ, ಅವರೆಕಾಯಿ ಸಾರು, ಬೇಯಿಸಿದ ಆಲೂಗಡ್ಡೆ ಬಡಿಸಿದಳು. ಹ್ಯಾರಿ ಸಾಸನ್ನು ಆಲೂಗಡ್ಡೆಯ ಮೇಲೆ ಹಾಕಿಕೊಂಡು ಒಂದು ತುತ್ತು ತಿಂದು ಕಣ್ಣು ಮುಚ್ಚಿದ. ಜಗಲಿಯವರೆಲ್ಲ ಕಿಟಕಿಯಲ್ಲಿ ಉಸಿರು ಬಿಗಿಹಿಡಿದು ನಿಂತರು. ಅವನು ಕಣ್ಣು ಬಿಟ್ಟವನೇ ಎದ್ದು ಹೋಗಿ ಅವ್ವನ ಕಾಲು ಮುಟ್ಟಿದ. ಇದನ್ನು ಅವನಿಗೆ ಯಾರು ಕಲಿಸಿದ್ದರೋ. “ಹರಕೆ ತೀರ್ಲಿ, ಬೇಗ ಒಂದ್ ಹೆಣ್ಣು ಸಿಗ್ಲಿ. ಆಮ್ಯಾಕೆ ಬಂದು ಹಾಲು ಕುಡ್ಕಂಡ್ ಹೋಗಪ್ಪ” ಎಂದಳು ಅವ್ವ. “ಯಾರ ಕೈಯಡುಗೆ?” ಎಂದು ಮ್ಯಾನೇಜರು ಕೇಳಿದಾಗ ನಾನು ಬಾಯಿ ತೆರೆದೆ. ಸರೋಜ ಅಂಟಿಕೊಂಡ ಸೌಟಿನ ಪಾತ್ರೆಯನ್ನು ಅಡುಗೆಮನೆಯಿಂದ ಸ್ವಲ್ಪವೇ ಹೊರಗೆ ಚಾಚಿ ತೋರಿಸಿದಳು. ನಾನು ಬಾಯಿ ಮುಚ್ಚಿದೆ.

ಯಂತ್ರದ ಕೆಲಸ ಮುಗಿಸಿ ಹ್ಯಾರಿ ಊರಿಗೆ ಹೋದ. ಮುಂದಿನ ತಿಂಗಳು ನನಗೆ ಜ್ವರ ಬಂತು. ಇದು ಅಸಲಿ ಜ್ವರ, ನಡುಕದ ಸಮೇತ. ಸರೋಜ ನೆಲಮಂಗಲದಿಂದ ಬ್ರೆಡ್ಡು ತಂದಳು. ಅದೇ ಬಸ್ಸು, ಅದೇ ಕಂಡಕ್ಟರು. ಗಂಟೆಯೊಳಗೆ ಜನ ಬಂದರು. ನಾನು ಕಂಬಳಿಯೊಳಗಿಂದ ಬಡಕಲು ಮುಖ ಹೊರಗೆ ಹಾಕಿ, ಮೂಸಂಬಿಗಾಗಿ ಕಾದೆ. ಯಾರ ಕೈಯಲ್ಲೂ ಏನೂ ಇರಲಿಲ್ಲ. ಎಲ್ಲರೂ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದಿದ್ದರು. ಮುನಿಯಪ್ಪ ಮಾವ ನನ್ನ ಮಂಚದ ಆಚೆ ಈಚೆ ಕತ್ತು ಚಾಚಿ ನೋಡಿದರು.

“ಎಲ್ಲಪ್ಪಾ ಸಾಯೇಬ್ರು? ಬ್ರೆಡ್ ತರ್ಸಿದ್ರಲ್ಲ, ಬಂದಿಲ್ವಾ?”

“ಸಾಹೇಬ್ರಲ್ಲ ಮಾವ,” ಎಂದು ನರಳಿದೆ. “ನನಗೇ ಜ್ವರ. ನೂರಾ ಮೂರು.”

“ಓ, ಜ್ವರಾನಾ?” ಮಾವ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು ಹೊರಟರು. “ನಮ್ಮನೇಲೂ ಬತ್ತದೆ ಬಿಡಪ್ಪ.”