ತಾತನ ನಿದ್ದೆಗೆ ಎಷ್ಟು ಸಾಲು?

ರಘುರಾಮನಿಗೆ ನಾಯಿಗಳ ಮೇಲೆ ದ್ವೇಷವೇನೂ ಇರಲಿಲ್ಲ. ಅವನ ತಕರಾರೆಲ್ಲ ಮುನ್ಸೂಚನೆಯಿಲ್ಲದೆ ಬಂದಿಳಿಯುವ ವಸ್ತುಗಳ ಮೇಲೆ. ಮಲಯಾಳ ಸೀಮೆಯ ಶ್ರೀಕಾರ್ಯಂನ ಗೆಡ್ಡೆ ಬೆಳೆ ಸಂಶೋಧನಾಲಯದಲ್ಲಿ ಮರಗೆಣಸಿನ ಒಂದು ತುಂಡು ನೆಡಬೇಕಾದರೂ ಮೂರು ತಿಂಗಳ ಮೊದಲೇ ನಕ್ಷೆ ಬರೆದಿಡುವ ಮನುಷ್ಯ ಅವನು. ಅಂಥವನ ಜಗಲಿಯ ಮೇಲೆ 1972ರ ಜೂನ್ ತಿಂಗಳ ಒಂದು ಭಾನುವಾರ, ಗಡ್ಡವೆಲ್ಲ ನೆರೆತ ಮುದಿ ನಾಯಿಯೊಂದು ನೀರು ಸುರಿಸುತ್ತ ನಿಂತಿತ್ತು.

"ಮುನಿಸಿಪಾಲಿಟಿ ವ್ಯಾನಿನಿಂದ ಬಿಡಿಸಿಕೊಂಡು ಬಂದೆ ಕಣ್ರೀ," ಎಂದಳು ಹೆಂಡತಿ ಸೌದಾಮಿನಿ, ಒದ್ದೆ ಸೆರಗು ಹಿಂಡುತ್ತ. "ಪ್ರಾಣಿ ದಯಾ ಸಂಘದ ಇಂದುಮತಿಯಮ್ಮ ಹದಿನೈದೇ ದಿನ ಇಟ್ಕೊಳ್ಳಿ ಅಂದ್ರು. ಅಷ್ಟರೊಳಗೆ ಯಾವುದಾದರೂ ಮನೆ ಸಿಗದಿದ್ರೆ ವಾಪಸ್ಸು ದೊಡ್ಡಿಗೆ."

"ದೊಡ್ಡಿಯಿಂದ ಆಮೇಲೆ?"

"ಅಲ್ಲಿಂದ ಯಾವ ನಾಯೀನೂ ಆಚೆ ಬರಲ್ಲ."

ರಘುರಾಮ ಕ್ಯಾಲೆಂಡರಿನಲ್ಲಿ ಹದಿನೈದನೆಯ ದಿನಕ್ಕೆ ಕೆಂಪು ಗುರುತು ಹಾಕಿದ. ಒಂದು ಗಂಟೆ ಹೆಚ್ಚಾದರೂ ತಾನು ಹೊಣೆಯಲ್ಲ ಎಂದೂ ಘೋಷಿಸಿದ. ಸೌದಾಮಿನಿ ನಾಯಿಗೆ 'ತಾತ' ಎಂದು ಹೆಸರಿಟ್ಟು ಒಳಗೆ ಹೋದಳು.

ತಾತ ಮಲಗಲಿಲ್ಲ. ಗೇಟಿನಿಂದ ಹಿತ್ತಲಿಗೆ, ಹಿತ್ತಲಿನಿಂದ ಗೇಟಿಗೆ ನಡೆಯಿತು. ಬಾಗಿದ ಹಿಂಗಾಲು ಎಳೆದುಕೊಂಡು ಸಂಜೆಯವರೆಗೂ ನಡೆಯಿತು. (ಇನ್ನೂರ ಹನ್ನೆರಡು ಸಲ. ಎಣಿಸಿದವನು ಯಾರೆಂದು ಹೇಳಬೇಕಾಗಿಲ್ಲ.) ಅನ್ನ ಹಾಕಿದರೆ ಎರಡು ತುತ್ತು ತಿಂದು ಮತ್ತೆ ನಡಿಗೆ.

ಮೈಸೂರಿನಲ್ಲಿ ಬೆಳೆದ ಸೌದಾಮಿನಿಗೆ ಸ್ವೆಟರ್ ಹೆಣೆಯುವ ಹುಚ್ಚು. ಉಣ್ಣೆಯ ಹೆಸರು ಕೇಳಿದರೇ ಬೆವರುವ ಊರಿನಲ್ಲಿ ಕೂತು ಅವಳು ದೆಹಲಿಯ ತಮ್ಮನಿಗಾಗಿ ವರ್ಷಕ್ಕೊಂದು ಸ್ವೆಟರ್ ಮುಗಿಸುತ್ತಿದ್ದಳು. ಸೋಮವಾರ ಸಂಜೆ ಅವಳು ಜಗಲಿಯಲ್ಲಿ ಕಡ್ಡಿ ಹಿಡಿದು ಕೂತಾಗ ವಿಚಿತ್ರವೊಂದು ನಡೆಯಿತು. ತಾತ ನಡಿಗೆ ನಿಲ್ಲಿಸಿ ಹತ್ತಿರ ಬಂತು, ಉಣ್ಣೆಯನ್ನು ನೋಡಿತು, ಅವಳ ಪಾದ ಮೂಸಿತು, ಏನೋ ಕಳೆದುಕೊಂಡಂತೆ ನಿಟ್ಟುಸಿರು ಬಿಟ್ಟು ಮತ್ತೆ ಗೇಟಿಗೆ ಹೊರಟಿತು.

ಬರುವುದೇಕೆ? ಬಂದದ್ದು ಹೋಗುವುದೇಕೆ? ಇಂಥ ಪ್ರಶ್ನೆ ತಲೆಗೆ ಹೊಕ್ಕರೆ ರಘುರಾಮನಿಗೆ ಊಟ ಸೇರುತ್ತಿರಲಿಲ್ಲ. ಮಂಗಳವಾರ ಉಣ್ಣೆಯಿಲ್ಲದೆ ಬರೀ ಕಡ್ಡಿ ಟಕಟಕ ಅನ್ನಿಸಿದ. ತಾತ ತಿರುಗಿಯೂ ನೋಡಲಿಲ್ಲ. ಬುಧವಾರ ಕಡ್ಡಿಯಿಲ್ಲದೆ ಉಣ್ಣೆಯ ಉಂಡೆ ಮಾತ್ರ ಇಟ್ಟ. ತಾತ ಮೂಸಿ ಹೋಯಿತು. ಗುರುವಾರ, ಶುಕ್ರವಾರ ಕುರ್ಚಿ ಬದಲಾಯಿಸಿದ, ದೀಪ ಬದಲಾಯಿಸಿದ, ಸೌದಾಮಿನಿಯನ್ನು ದಕ್ಷಿಣಕ್ಕೆ ಮುಖ ಮಾಡಿ ಕೂರಿಸಿದ.

"ಬದಲಾಯಿಸೋಕೆ ಇನ್ನು ನಾನೊಬ್ಬಳೇ ಉಳಿದಿರೋದು," ಎಂದಳು ಅವಳು ರೇಗಿ.

"ಅದೇ. ವ್ಯಕ್ತಿಯನ್ನು ಬದಲಾಯಿಸಬೇಕು," ಎಂದ ರಘುರಾಮ ಗಂಭೀರವಾಗಿ. "ನನಗೆ ಹೆಣೆಯೋದು ಕಲಿಸು."

ಎರಡನೆಯ ಭಾನುವಾರ ಬೆಳಗ್ಗೆ ಅವನು ಅರ್ಧವಾಗಿದ್ದ ಸ್ವೆಟರ್ ತೊಡೆಯ ಮೇಲಿಟ್ಟುಕೊಂಡು ಜಗಲಿಯ ನೆಲದಲ್ಲಿ ಕೂತ. ಎಳೆಯನ್ನು ಬೆರಳಿನಲ್ಲಿ ಬಿಗಿ ಹಿಡಿಯುವ ವಿದ್ಯೆ ಮಾತ್ರ ಅವನಿಗೆ ಒಲಿಯಲಿಲ್ಲ. ಕೊನೆಗೆ ಕಾಲು ಚಾಚಿ, ಉಣ್ಣೆಯನ್ನು ಎಡಗಾಲಿನ ಹೆಬ್ಬೆರಳಿಗೆ ಒಂದು ಸುತ್ತು ಹಾಕಿ ಎಳೆದುಕೊಂಡ.

"ಅಯ್ಯೋ ನಿಮ್ಮ! ಹಾಗಾ ಹಿಡಿಯೋದು?"

"ಬಿಗಿ ಮುಖ್ಯ, ಬೆರಳು ಯಾವುದಾದರೇನು?"

ಅಷ್ಟರಲ್ಲಿ ತಾತ ಬಂತು. ಹೆಬ್ಬೆರಳು ನೋಡಿತು. ಆ ಪಾದದ ಮೇಲೆ ಗಲ್ಲವಿಟ್ಟು ಮಲಗಿತು. ಎರಡನೆಯ ಸಾಲು ಮುಗಿಯುವ ಮೊದಲೇ ಗೊರಕೆ ಶುರುವಾಯಿತು.

ಗಂಡ ಹೆಂಡತಿ ಉಸಿರಾಡಲೂ ಹೆದರಿ ಕೂತಿದ್ದಾಗ, ಬುಟ್ಟಿ ಹೊತ್ತು ಬೀದಿಯಲ್ಲಿ ಹೋಗುತ್ತಿದ್ದ ಮೀನಿನ ಮರಿಯಮ್ಮ ಗೇಟಿನಲ್ಲಿ ನಿಂತುಬಿಟ್ಟಳು. "ಅಯ್ಯೋ ಸಾರೇ! ಇದ್ ನಮ್ಮುಡೆ ಪತ್ರೋಸಪ್ಪೂಪ್ಪನ್ಡೆ ಪಟ್ಟಿಯಲ್ಲೇ!" ಅವಳ ಕಡಲತೀರದ ಕೇರಿಯಲ್ಲಿ ಪತ್ರೋಸನೆಂಬ ಮುದುಕನಿದ್ದನಂತೆ, ಇದು ಅವನ ನಾಯಿಯಂತೆ. ದಿನವಿಡೀ ಕಾಲು ಚಾಚಿ, ಹೆಬ್ಬೆರಳಿಗೆ ನೂಲು ಸಿಕ್ಕಿಸಿಕೊಂಡು ಮೀನಿನ ಬಲೆ ಹೆಣೆಯುತ್ತಿದ್ದನಂತೆ. ಎರಡು ತಿಂಗಳ ಹಿಂದೆ ತೀರಿಕೊಂಡನಂತೆ.

ಸೌದಾಮಿನಿ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮರುದಿನದಿಂದ ರಘುರಾಮ ಆಫೀಸಿನಿಂದ ಐದಕ್ಕೆ ಸರಿಯಾಗಿ ಬಂದು, ಕಾಲು ತೊಳೆದು, ಹೆಣಿಗೆ ಹಿಡಿದು ಜಗಲಿಯಲ್ಲಿ ಚಾಚತೊಡಗಿದ.

ಹದಿನೈದನೆಯ ದಿನ, ಭಾನುವಾರ ಮಧ್ಯಾಹ್ನ, ಪರಿಚಯದ ಕೃಷ್ಣಾನಂದ ಬಂದ. ಕಾಸರಗೋಡಿನವನು, ಏಲೂರಿನ ಗೊಬ್ಬರದ ಕಾರ್ಖಾನೆಯಲ್ಲಿ ಕೆಲಸ. ಕ್ವಾರ್ಟರ್ಸಿಗೊಂದು ನಾಯಿ ಬೇಕೆಂದು ಸೌದಾಮಿನಿಗೆ ಕಾಗದ ಬರೆದಿದ್ದ. ಬೀದಿಯಲ್ಲಿ ಅವನನ್ನು ಕರೆತಂದ ಕಾರ್ಖಾನೆಯ ವ್ಯಾನು, ಅವನ ಕೈಯಲ್ಲಿ ಹೊಚ್ಚ ಹೊಸ ಸರಪಳಿ. ಜಗಲಿಯ ದೃಶ್ಯ ಕಂಡು ಅವನು ಮೆಟ್ಟಿಲಲ್ಲೇ ನಿಂತ.

"ಎಂತ ಮಾರಾಯ್ರೇ ಇದು, ನೀವು ಹೆಣೆಯುವುದಾ?"

"ಪ್ರಯೋಗ," ಎಂದ ರಘುರಾಮ.

"ಆಯ್ತು. ಎಬ್ಬಿಸುವಾ? ವ್ಯಾನು ನಾಲ್ಕಕ್ಕೆ ಹೊರಡ್ತದೆ."

"ಈ ಸಾಲು ಮುಗಿಯಲಿ. ನಡುವೆ ನಿಲ್ಲಿಸಬಾರದು. ನಾಲ್ಕೇ ನಿಮಿಷ."

ಮೂರನೆಯ ನಿಮಿಷದಲ್ಲಿ ಕಡ್ಡಿಯಿಂದ ಉಣ್ಣೆಯ ಒಂದು ಕುಣಿಕೆ ಜಾರಿತು. ಅದನ್ನು ಹಿಡಿಯಹೋದಾಗ ಇನ್ನೆರಡು ಜಾರಿದವು. ವ್ಯಾನಿನ ಹಾರ್ನ್ ಕೇಳಿಸಿತು. ಮತ್ತೆ ನಾಲ್ಕು ಜಾರಿದವು. ರಘುರಾಮ ಕನ್ನಡಕ ತೆಗೆದು ಒರೆಸಿದ, ಹಾಕಿಕೊಂಡ, ಬೆಳಕು ಸಾಲದೆಂದ. ಹಾರ್ನ್ ಎರಡನೆಯ ಸಲ ದೀರ್ಘವಾಗಿ ಕೂಗಿತು, ಇನ್ನೂ ನಾಲ್ಕು ಕುಣಿಕೆ ಜಾರಿದವು. ತಾತ ನಿದ್ದೆಯಲ್ಲೇ ಕಿವಿ ಕೊಡವಿತು.

"ಕೊಡುವುದಿಲ್ಲ ಅಂತ ಹೇಳಿದ್ರೆ ನನಗೆ ಬೇಜಾರಿಲ್ಲ ಮಾರಾಯ್ರೇ," ಎಂದ ಕೃಷ್ಣಾನಂದ.

"ಛೆ ಛೆ, ಹಾಗೇನಿಲ್ಲ. ಸಾಲು ಮುಗಿದಿಲ್ಲ, ಅಷ್ಟೇ."

ಕೃಷ್ಣಾನಂದ ಸೌದಾಮಿನಿಯತ್ತ ನೋಡಿದ. ಅವಳು ಆಕಾಶದತ್ತ ನೋಡಿದಳು. ಅವನು ನಗುತ್ತ, ಸರಪಳಿಯನ್ನು ಜೇಬಿಗೆ ತುರುಕಿಕೊಂಡು ಮಳೆಯಲ್ಲಿ ವ್ಯಾನಿನತ್ತ ಓಡಿದ.

ಸೌದಾಮಿನಿ ಬಂದು ಹೆಣಿಗೆಯನ್ನು ಬೆಳಕಿಗೆ ಹಿಡಿದು ಎಣಿಸಿದಳು. "ಹನ್ನೊಂದು ಕುಣಿಕೆ. ಏನ್ರೀ, ಜಾರಿದ್ದಾ, ಜಾರಿಸಿದ್ದಾ?"

"ನಿರ್ಣಯಿಸೋಕೆ ಪುರಾವೆ ಸಾಲದು."

"ಇಷ್ಟೂ ಬಿಚ್ಚಬೇಕು ಈಗ. ಸರಿ, ಕಾಲು ಆ ಕಡೆ ಸರಿಸಿ, ಉಂಡೆ ತಗೋತೀನಿ."

"ಸರಿಸೋಕಾಗಲ್ಲ ಕಣೇ. ಒಂದು ಗಂಟೆಯಿಂದ ಜೋಮು ಹಿಡಿದಿದೆ."

"ಬಾಯಿಬಿಟ್ಟು ಹೇಳಬಾರದಿತ್ತಾ?"

"ಹೇಳಿದ್ದರೆ ಕೃಷ್ಣಾನಂದ ತಾತನ್ನ ಎಬ್ಬಿಸಿಬಿಡ್ತಿದ್ದ."

ಹನ್ನೊಂದು ಕುಣಿಕೆಗಳ ವಿಚಾರಣೆ ಅಲ್ಲಿಗೆ ಮುಗಿಯಿತು. ಸ್ವೆಟರಿನ ಎರಡೂ ತೋಳುಗಳು ಆರೋಪಿಯ ಪಾಲಿಗೆ ಬಂದವು.